ತಣ್ಣಗಿದ್ದ ಗಾಲಿ

ಅಮೆರಾತ್ ಘಾಟಿ ಇಳಿಸಿಕೊಂಡು ಬಾ, ಅಂದಿದ್ದ ಮಯ್ಯದ್ದಿ.
ಏಸಿ ಬೇಡ, ರೇಡಿಯೋ ಬೇಡ, ಗ್ಲಾಸು ಇಳಿಸು,
ಗೇರಿನಲ್ಲಿ ತಡೆಯಬೇಡ, ಬ್ರೇಕಿಗೇ ಕೆಲಸ ಕೊಡು.
ಕಾಲಿಗೆ ಎಂತ ಅನಿಸ್ತದೆ, ಕೈಗೆ ಎಂತ ಅನಿಸ್ತದೆ
ಬಂದು ಹೇಳು.

ಹಾಗೇ ಇಳಿದೆ.
ಎರಡನೇ ತಿರುವಿನಲ್ಲಿ ಸ್ಟೀರಿಂಗು ಬಲಕ್ಕೆ ಎಳೆಯಿತು,
ಗುರುತಿನ ಕೊಟ್ಟಿಗೆ ಕಂಡ ಎತ್ತಿನ ಹಾಗೆ.
ಪೆಡಲಿನೊಳಗೆ ಏನೋ ಸಣ್ಣಗೆ ಮಿಡಿಯಿತು.
ಆಮೇಲೆ ವಾಸನೆ:
ಬಟ್ಟೆಯ ಮೇಲೆ ಮರೆತ ಇಸ್ತ್ರಿಪೆಟ್ಟಿಗೆ.

ವಾದಿ ಕಬೀರಿನ ಗ್ಯಾರೇಜು ಸಾಲಿನಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ
ನೆರಳು ಕೂಡ ಶಟರಿನ ಒಳಗೆ ಹೋಗಿ ಕೂತಿರುತ್ತದೆ.
ನಾನು ಹೇಳಿದ್ದನ್ನೆಲ್ಲ ಮಯ್ಯದ್ದಿ ಕೇಳಿಸಿಕೊಂಡ,
ನಂಬಲಿಲ್ಲ.
ಲಬಾನ್ ಬಾಟಲಿಯಲ್ಲಿ ನೀರು ತಂದು
ಗಾಲಿಯಿಂದ ಗಾಲಿಗೆ ಕುಕ್ಕರಗಾಲಲ್ಲಿ ಹೋಗಿ
ಚಿಮುಕಿಸಿದ, ದೋಸೆಯ ಕಾವಲಿ ಕಾದಿದೆಯೇ ಎಂದು
ನೋಡುವವರ ಹಾಗೆ.

ಬಲದ ಮುಂದಿನದು ಚೊಂಯ್ ಅಂತು.
ಹಿಂದಿನವೆರಡು ಒಂದಿಷ್ಟು ಆವಿ ಬಿಟ್ಟು ಸುಮ್ಮನಾದವು.
ಎಡದ ಮುಂದಿನದರ ಮೇಲೆ
ಹನಿ ಹನಿಯಾಗಿಯೇ ಕೂತಿತ್ತು,
ಆಮೇಲೆ ಜಾರಿತು.
ಅಂಗೈ ಇಟ್ಟ. ತೆಗೆಯಲಿಲ್ಲ.
"ಈ ಊರಲ್ಲಿ ಒಂದು ಗಾಲಿ ತಣ್ಣಗೆ ಉಂಟು ಅಂದ್ರೆ
ಅದು ಕೆಲಸ ಮಾಡ್ತಾ ಇಲ್ಲ ಅಂತ ಲೆಕ್ಕ, ಮಾರಾಯ."

ಲೆಕ್ಕ ಅಂದಾಗ ನಾನು ಬೇರೆ ಕಡೆ ನೋಡಿದೆ.

ಜಾಕು ಏರಿತು. ಎಡದ ಪಿನ್ನು ತುಕ್ಕು ಹಿಡಿದು
ತನ್ನ ತೂತಿನಲ್ಲೇ ಬೇರು ಬಿಟ್ಟಿತ್ತು.
ಇಬ್ಬರ ದುಡಿಮೆ ಬಲದ್ದೊಂದೇ ದುಡಿದು
ಪ್ಯಾಡು ಉಗುರಿನಷ್ಟು ಉಳಿದಿತ್ತು,
ಡಿಸ್ಕಿನ ತುಂಬ ಗೀರು.
"ಇಷ್ಟಾದರೂ ಇದು ಕೂಗಲಿಲ್ಲವಾ?"
ಇಲ್ಲ. ಈ ವಾರದ ಕಿರುಗುಟ್ಟಲು ಬಿಟ್ಟರೆ.

ಪ್ಯಾಡಿನ ಬದಿಗೆ ತಗಡಿನದೊಂದು ನಾಲಗೆ ಇರುತ್ತದಂತೆ.
ಸವೆದು ಸವೆದು ಇನ್ನಾಗದು ಎನ್ನುವಾಗ
ಡಿಸ್ಕಿಗೆ ತಾಗಿ ಅದು ಚೀರಬೇಕು.
ಚೀರುವುದಕ್ಕೆಂದೇ ಇಟ್ಟದ್ದು,
ಬೇರೆ ಉದ್ಯೋಗ ಇಲ್ಲ ಅದಕ್ಕೆ.
ಯಾರೋ ಇಕ್ಕಳದಲ್ಲಿ ಹಿಡಿದು
ಹಿಂದಕ್ಕೆ ಮಡಚಿದ್ದರು.
ನೀಟಾಗಿ, ರವಕೆಯ ಅಂಚು ಮಡಚಿದ ಹಾಗೆ.

ನಮ್ಮ ಸಂಘದ ಖಜಾಂಚಿ ಲ್ಯಾನ್ಸಿ ಸರ್
ಕೀಲಿಕೈಯ ಜೊತೆ ಒಂದು ಡಬ್ಬ ಖರ್ಜೂರ ಕೊಟ್ಟು
ಹೆಂಡತಿಯ ಕಣ್ಣೊರೆಸಿ ವಿಮಾನ ಹತ್ತಿದ್ದರು.
ಅವರೇ ಮಡಚಿದ್ದೋ,
ಅವರಿಗೂ ಯಾರಾದರೂ ಮಡಚಿಯೇ ಕೊಟ್ಟಿದ್ದರೋ.
ಒಂದೂವರೆ ವರ್ಷ ಮಗಳನ್ನು ಇದರಲ್ಲೇ
ಈ ಘಾಟಿ ಇಳಿಸಿ ಶಾಲೆಗೆ ಬಿಟ್ಟೆ.
ಹಿಂದಿನ ಸೀಟಲ್ಲಿ ಮಗ್ಗಿ ಹೇಳುತ್ತಿದ್ದಳು.

ಫೋನು ಅದುರಿತು. ಪ್ರಜ್ವಿತ್.
ಬಂದು ಎರಡು ತಿಂಗಳಾದ ಹುಡುಗ, ಆರುನೂರೈವತ್ತು ರಿಯಾಲಿಗೆ ಒಪ್ಪಿದ್ದಾನೆ.
"ಅಣ್ಣಾ, ಬ್ರೇಕು ಗೀಕು ಎಲ್ಲ ಸರಿ ಉಂಟಲ್ಲ?"
ಆಮೇಲೆ ಮಾಡ್ತೇನೆ, ಅಂದೆ.

ಮಯ್ಯದ್ದಿ ಕೈ ಒರೆಸಿಕೊಂಡ.
"ಶಬ್ದ ಹೋಗಬೇಕಾ, ಬ್ರೇಕು ಬರಬೇಕಾ?
ಶಬ್ದಕ್ಕೆ ಎರಡು ರಿಯಾಲು, ಗ್ರೀಸು ಹಚ್ಚಿದರೆ ಆಯಿತು,
ಒಂದು ತಿಂಗಳು ಧೈರ್ಯ.
ಬ್ರೇಕಿಗೆ ಮೂವತ್ತೆಂಟು."
ಅವನ ದನಿಯಲ್ಲಿ ಎರಡಕ್ಕೂ ಒಂದೇ ತೂಕ.
ದಿನಾ ಕೇಳುವ ಪ್ರಶ್ನೆ.

ವೀಸಾ ರದ್ದಾಗಲು ಇನ್ನು ಒಂಬತ್ತು ದಿನ.
ಮುಚ್ಚಿದ ಟೈಲ್ಸ್ ಕಂಪನಿಯ ಲೆಕ್ಕಪುಸ್ತಕದಲ್ಲಿ,
ಹೆಲ್ಪರುಗಳ ಓವರ್‌ಟೈಮಿನ ಕಾಲಮ್ಮಿನಲ್ಲಿ,
ನಾನೂ ಒಂದು ನಾಲಗೆ ಮಡಚಿ ಬಂದವನು.
ಮೂರು ತಿಂಗಳು. ನೀಟಾಗಿ.
ಅದಕ್ಕೆ ಈಗ ಪ್ಯಾಡು ಸಿಗುವುದಿಲ್ಲ.

ಮೂವತ್ತೆಂಟು ಎಣಿಸಿ ಕೊಟ್ಟೆ.
ಕೊನೆಯ ಎರಡು ಅವನು ಬೇಡ ಅಂದ,
ಆಮೇಲೆ ತೆಗೆದುಕೊಂಡ.

ಸಂಜೆ ಘಾಟಿ ಏರಿ ಇಳಿದೆ, ಗ್ಲಾಸು ಇಳಿಸಿಯೇ.
ಸ್ಟೀರಿಂಗು ನೇರ. ಪೆಡಲು ಗಟ್ಟಿ.
ಕೆಳಗೆ ನಿಲ್ಲಿಸಿ ಎಡದ ಗಾಲಿಯ ಹತ್ತಿರ ಕೈ ಒಯ್ದೆ.
ಸುಡುತ್ತಿತ್ತು.
ಒಳಗೆ ಹೊಸ ನಾಲಗೆ ಸುಮ್ಮನಿದೆ,
ಮೂವತ್ತು ಸಾವಿರ ಕಿಲೋಮೀಟರ್ ಸುಮ್ಮನಿರುತ್ತದೆ.
ಆಮೇಲೆ ಒಂದು ದಿನ, ಯಾವುದೋ ಸಿಗ್ನಲಿನಲ್ಲಿ
ನನ್ನದಲ್ಲದ ಕಿವಿಗೆ
ಕೂಗಲಿ.