ಮೋಟುಬತ್ತಿ

ಭಾನುವಾರ. ಫ್ಯಾಕ್ಟರಿ ಬಸ್ಸು ಬರದ ದಿನ.
ಹಾಸನದ ಹೊರಗೆ, ನಾಲ್ವರ ಒಂದೇ ಬಾಡಿಗೆ ಕೋಣೆಯಲ್ಲಿ
ಫಿಲ್ಲು ವೇಲಿನ ಗಂಟು ಬಿಚ್ಚಿದಳು:
ಇಗರ್ಜಿಯ ಮೋಟು ಮೇಣ, ಹೆಚ್ಚೂಕಮ್ಮಿ ಮುಕ್ಕಾಲು ಕೇಜಿ.
"ಕದ್ದದ್ದಲ್ಲ ಕಣ್ರೇ, ಕಸ ಗುಡಿಸೋ ರಾಯಪ್ಪಜ್ಜ
ತಾನಾಗೇ ಕೊಟ್ಟದ್ದು."

ಮುಬೀನಾಳದು ನೂಲು. ಬಿಸಾಕಿದ ಬಾಬಿನ್ನಿನ ಕೊನೆ.
ಮೂರೆಳೆ ಮಾಡಿ ಜಡೆ ಹೆಣೆದಳು,
ಮುಂದೆ ಯಾರೋ ಚಿಕ್ಕವಳು ಕೂತ ಹಾಗೆ,
ನೋಯಿಸದೆ.
ನಾನು ಚಟ್ನಿಗೆ ತುರಿದ ಕಾಯಿಯ ಕರಟಗಳ
ನಾರು ಕೆರೆದು, ಒಳಗೆ ಎಣ್ಣೆ ಸವರಿದೆ.

ಚೆಲುವಿಗೆ ಮಾತ್ರ ಹೇಳಿರಲಿಲ್ಲ.
ಅವಳ ಆಧಾರಿನಲ್ಲಿ ಜನವರಿ ಒಂದು.
ಅವಳಣ್ಣನದೂ ಜನವರಿ ಒಂದು, ಅವ್ವನದೂ.
ಬರೆದುಕೊಂಡವರಿಗೆ ಅವಸರವಿತ್ತಂತೆ.
ಅವ್ವನ ಲೆಕ್ಕ ಬೇರೆ: "ಆಲೂಗಡ್ಡೆ ಕೀಳೋವಾಗ ಹುಟ್ದೆ.
ಮಣ್ಣುಗೈಲೇ ಎತ್ಕೊಂಡೆ."
ಈಗ ಆಲೂಗಡ್ಡೆ ಕೀಳೋ ತಿಂಗಳು.
ದಿನ ಗೊತ್ತಿಲ್ಲ; ರಜೆ ಇರುವ ದಿನವೇ ಆಗಲಿ ಎಂದೆವು.

ಪಾತ್ರೆಯಲ್ಲಿ ನೀರು, ನೀರಲ್ಲಿ ಹಾಲುಪುಡಿ ಡಬ್ಬ,
ಡಬ್ಬದೊಳಗೆ ಮೋಟುಗಳು ಒಂದೊಂದೇ
ಕಾಲು ಮಡಚಿ ಕೂತವು.
"ಇದ್ರಲ್ಲಿ ಯಾರ್ಯಾರ ಹರಕೆ ಐತೋ," ಅಂದಳು ಮುಬೀನಾ.
ಪಿಯುಸಿ ಗಣಿತ, ಕಿಡ್ನಿಯ ಕಲ್ಲು,
ಕುಡಿಯೋ ಗಂಡ, ಸಿಗದ ಸೈಟು,
ಗಾಳಿಗೆ ಅರ್ಧಕ್ಕೆ ಆರಿದ್ದು,
ಎಲ್ಲ ಸೇರಿ ತಿಳಿಯಾದ ಒಂದೇ ಸಾರು.
"ಹಿಂಗೆ ಕಲಸಿದ್ರೆ ದೇವ್ರಿಗೆ ಲೆಕ್ಕ ತಪ್ಪಲ್ವೇನೆ?"
ಫಿಲ್ಲು ಸೌಟು ತಿರುವಿದಳು:
"ನಮ್ ಓಟಿ ಲೆಕ್ಕ ತಪ್ಪಲ್ವ ತಿಂಗ್ಳು ತಿಂಗ್ಳೂ?"

ಮೊದಲನೆಯದು ಕೆಟ್ಟಿತು.
ನಡುವೆ ಗುಂಡಿ ಬಿದ್ದು, ಬತ್ತಿ
ನೈಟ್ ಶಿಫ್ಟಿನವಳ ಕತ್ತಿನಂತೆ ವಾಲಿತು.
ಎರಡನೆಯದಕ್ಕೆ ಪೊರಕೆಕಡ್ಡಿ ಅಡ್ಡವಿಟ್ಟು ಬತ್ತಿ ಕಟ್ಟಿ
ಮೂವರೂ ಉಸಿರು ಹಿಡಿದು ಸುರಿದೆವು.
ಆರುವ ತನಕ ಯಾರೂ ಬಾಗಿಲು ತೆಗೆಯಲಿಲ್ಲ,
ಓನರ್ ಅಜ್ಜಿ ವಾಸನೆ ಹಿಡಿದು ತಟ್ಟಿದರೂ.

ಸಂಜೆ, ಕೊಡ ಹೊತ್ತು ಬಂದ ಚೆಲುವಿ
ಹೊಸ್ತಿಲಲ್ಲೇ ನಿಂತಳು.
"ಕರೆಂಟೈತಲ್ರೇ?"
ನಾವು ನಗುತ್ತ ಸುಮ್ಮನಿದ್ದೆವು.
ಕೊಡ ಇಳಿಸುವುದು ಮರೆತು ಇನ್ನೂ ನಿಂತಳು,
ನೀರು ತುಳುಕಿ ಭುಜ ನೆನೆಯುತ್ತಿತ್ತು.
ಎಷ್ಟನೆಯದು ಎಂದು ಯಾರೂ ಕೇಳಲಿಲ್ಲ. ಒಂದೇ ಬತ್ತಿ.
ಊದೇ ಅಂದರೆ ಊದಲಿಲ್ಲ.
ಬೆಚ್ಚಗಿನ ಕರಟವನ್ನು, ಒದ್ದೆಗೈಯಲ್ಲೇ,
ಎತ್ತಿಕೊಂಡಳು.

ಸೋಮವಾರ. ಚೆಕಿಂಗ್ ಟೇಬಲ್ಲಿನ ಮೇಲೆ
ಹಡಗು ಹತ್ತಬೇಕಾದ ಬಿಳೀ ಬೆಡ್‌ಶೀಟು.
ಕಲೆ ಕಂಡಲ್ಲಿ ಕೆಂಪು ಸ್ಟಿಕ್ಕರು ಅಂಟಿಸುವುದು ಚೆಲುವಿಯ ಕೆಲಸ,
ಆರು ವರ್ಷದಲ್ಲಿ ಒಂದೂ ಬಿಟ್ಟವಳಲ್ಲ.
ಅವಳ ಉಗುರಿನ ಸಂದಿಯಿಂದಲೇ
ಸಾಸಿವೆಯಷ್ಟು ಮೇಣ ಉದುರಿ ಅಂಟಿಕೊಂಡಿತು.
ಬಗ್ಗಿ ನೋಡಿದಳು.
ನಾನಿದ್ದ ಕಡೆ ನೋಡಿದಳು.
ಆಮೇಲೆ ಅಂಚಿಗೆ ಅಂಚು ಕೂಡಿಸಿ ಮಡಚಿ
"ಪಾಸ್" ಅಂದಳು.