ಗಾಜಿನ ಹಾಸು

ಆಷಾಢ ಬಂತೆಂದರೆ ನನ್ನ ಗುಂಡು ಎಡಕ್ಕೆ ಹೋಗುತ್ತದೆ.
ಶ್ರಾವಣದಲ್ಲಿ ಎಲ್ಲಿಗೆ ಹೋಗುತ್ತದೋ ಅದಕ್ಕೇ ಗೊತ್ತಿಲ್ಲ.
ಐವತ್ತು ಮೀಟರು, ಐದು ಗುಂಡು,
ಕಾಗದದ ಮೇಲೆ ಹಲಸಿನ ಬೀಜ ಚೆಲ್ಲಿದ ಹಾಗೆ.
ಉಸಿರು ಹಿಡೀರಿ ಟೀಚರೇ, ಅಂದರು ಕ್ಲಬ್ಬಿನವರು.
ಹಿಡಿದೆ. ಬಿಟ್ಟೆ. ಹಿಡಿದೆ.
ಸಾಗರದ ಗಾಳಿಯಲ್ಲಿ ಅರ್ಧ ನೀರೇ ಇರುವಾಗ
ಎಷ್ಟಂತ ಹಿಡಿಯುವುದು?

ಕೊನೆಗೆ ಮರವನ್ನೂ ಕಬ್ಬಿಣವನ್ನೂ ಬೇರೆ ಮಾಡಿ,
ಕಬ್ಬಿಣ ಕ್ಲಬ್ಬಿನ ಕಾಗದದ ಜೊತೆ ಚೀಲದಲ್ಲಿ, ಮರ ಕಂಕುಳಲ್ಲಿ,
ಶೇಷಣ್ಣನ ಜಗಲಿ ಹತ್ತಿದೆ.
ಗುಡಿಗಾರರ ಕೇರಿಗೆ ಕೋವಿ ತಂದವಳು ನಾನೇ ಮೊದಲಂತೆ.
ಗಂಧದ ಹೊಟ್ಟು ಮೆತ್ತಿದ ಕನ್ನಡಕ ಹಣೆಗೇರಿಸಿ
ಮರವನ್ನು ಮೂಸಿದ.
‘ಅಕ್ರೋಟು. ನಮ್ಮ ಮಳೆ ಗೊತ್ತಿಲ್ಲದ ಮರ.
ಕುಡೀತದೆ, ಊದ್ತದೆ, ಬಿಸಿಲು ಬಂದ್ರೆ ಮುನೀತದೆ.
ದಿನಕ್ಕೊಂದು ಹಾಸಿಗೆ ಆದ್ರೆ ಕಬ್ಬಿಣಕ್ಕೆ ನಿದ್ದೆ ಎಲ್ಲಿಂದ?’

ದೀಪದ ಕಾಡಿಗೆಯನ್ನು ಕಬ್ಬಿಣದ ಹೊಟ್ಟೆಗೆ ಸವರಿ
ಮರದಲ್ಲಿ ಕೂರಿಸಿ, ಎತ್ತಿ, ತೋರಿಸಿದ.
ಅಷ್ಟುದ್ದದ ಗುಳಿಯಲ್ಲಿ ಮೂರೇ ಮೂರು ಕಡೆ ಕಪ್ಪು.
‘ನೋಡಿ, ಮುಟ್ಟಿರೋದು ಇಷ್ಟೇ.
ಉಳಿದದ್ದೆಲ್ಲ, ಕೂತಿದ್ದೇವೆ ಅನ್ನೋ ನಂಬಿಕೆ.’

ಆನೆಯ ಕಣ್ಣು ಕೊರೆಯುವ ಉಳಿಯಿಂದ
ಗುಳಿಯನ್ನು ಇನ್ನೂ ಎರಡು ಅಕ್ಕಿಕಾಳಿನಷ್ಟು ಕೆತ್ತಿದ.
ನನ್ನೆದೆ ಧಸಕ್ಕೆಂದಿತು,
ಕೂಡಿಸು ಅಂತ ಕೊಟ್ಟರೆ ಕೆರೆಯುತ್ತಾನಲ್ಲ.

ಎರಡು ಡಬ್ಬಿ. ರಾಳ ಒಂದರಲ್ಲಿ, ಅದನ್ನು ಗಟ್ಟಿ ಮಾಡುವುದು ಇನ್ನೊಂದರಲ್ಲಿ.
ಗಾಜಿನ ನಾರನ್ನು ಸಬ್ಬಸಿಗೆ ಸೊಪ್ಪಿನ ಹಾಗೆ ಹೆಚ್ಚಿ ಕಲಸಿದ.
ವಾಸನೆಗೆ ಬೆಕ್ಕು ಎದ್ದು ಹೋಯಿತು.
ತೂತುಗಳಿಗೆಲ್ಲ ಚೌತಿಯ ಗಣಪತಿಗೆಂದು ತಂದಿಟ್ಟ ಮಣ್ಣು.
ಆಮೇಲೆ ಕಬ್ಬಿಣಕ್ಕೆ ಮೇಣ, ಹೆಬ್ಬೆರಳಿನಲ್ಲಿ,
ಕೂಸಿಗೆ ಎಣ್ಣೆ ತಿಕ್ಕುವಷ್ಟು ಹೊತ್ತು.
‘ಇದೇ ಮುಖ್ಯ. ಅಪ್ಪಬೇಕು, ಅಂಟಬಾರದು.
ಮೇಣ ಮರೆತ್ರೋ, ಎರಡೂ ಸೇರಿ ಒಂದೇ ಸಾಮಾನು.
ತುಕ್ಕು ಒರೆಸಲಿಕ್ಕೂ ಬಿಚ್ಚಲಿಕ್ಕಾಗೂದಿಲ್ಲ.’

ಬಿಸಿಲಿಲ್ಲದ ತಿಂಗಳು. ಅರವತ್ತರ ಬಲ್ಬಿನ ಕೆಳಗೆ
ಬಾಣಂತಿಯ ಹಾಗೆ ಮಲಗಿತು ಎರಡು ದಿನ.

ಮೂರನೆಯ ದಿನ ಬರಲಿಲ್ಲ.
ತಟ್ಟಿದ. ಬರಲಿಲ್ಲ. ಮಳೆಯಲ್ಲೂ ಶೇಷಣ್ಣ ಬೆವರಿದ.
ಹಿಂದಿನ ಸ್ಕ್ರೂವಿನ ತೂತಿನ ಅಂಚಿಗೆ ಮೇಣ ಮುಟ್ಟಿರಲಿಲ್ಲ.
ಮೂವತ್ತೆಂಟು ವರ್ಷ ಪಳಗಿದ ಕೈ,
ಒಂದು ಅಂಚು ಮರೆತಿತ್ತು.
ನಾನು ಸುತ್ತಿಗೆಯ ಕಡೆ ನೋಡಿದೆ. ಅವನು ನೋಡಲಿಲ್ಲ.
ಪ್ಲಾಸ್ಟಿಕ್ಕು ಸುತ್ತಿ, ಮೀನು ಮಾರ್ಕೆಟ್ಟಿಗೆ ನಡೆದು,
ಹಸನಬ್ಬನ ಐಸು ಪೆಟ್ಟಿಗೆಯಲ್ಲಿ
ಬಂಗುಡೆಗಳ ನಡುವೆ ಮಲಗಿಸಿದ.
‘ಚಳಿಗೆ ಕುಗ್ತದೆ. ಕುಗ್ಗಿದಾಗ ಬಿಡ್ತದೆ.’
ಕ್ಲಬ್ಬಿನ ಕಾಗದ ಹಿಡಿದು ಮುಚ್ಚಳದ ಮೇಲೆ ಕೂತೆ.
ಬಂದವರು ನನ್ನನ್ನೇ ಕೇಳಿದರು, ಕೇಜಿಗೆ ಎಷ್ಟು?
ಎರಡು ತಾಸು.

ಟಕ್.

ಒಳಗೆ ಇಣುಕಿದೆವು. ಹಾಸು ಕನ್ನಡಿಯಷ್ಟು ನುಣುಪು.
ಕಬ್ಬಿಣದ ನಂಬರು ತಿರುಗುಮುರುಗಾಗಿ ಅಚ್ಚೊತ್ತಿತ್ತು,
ಯಾವ ಕಾಲದ್ದೋ ಒಂದು ಗೀರು ಕೂಡ,
ಮತ್ತೆ, ಮೇಣದ ಮೇಲೆ ಉಳಿದುಹೋಗಿದ್ದ
ಅವನ ಹೆಬ್ಬೆರಳಿನ ಸುಳಿ.
ಕೆತ್ತಿದ ಯಾವುದಕ್ಕೂ ಹೆಸರು ಹಾಕಿದವನಲ್ಲ,
ತುಸು ನಾಚಿದ. ‘ಉಜ್ಜಿ ತೆಗೀಲಾ?’
ಬೇಡ ಅಂದೆ.

ಜಂಬಿಟ್ಟಿಗೆ ತೆಗೆದು ಬಿಟ್ಟ ಕ್ವಾರಿಯೇ ನಮ್ಮ ಗುರಿಯ ಮೈದಾನ.
ಜಿಟಿಜಿಟಿ ಹಿಡಿದಿತ್ತು.
ಹತ್ತರ ನೋಟು ನಳಿಗೆಯ ಕೆಳಗೆ ತಡೆಯಿಲ್ಲದೆ ಸರಿಯಿತು.
ಐದು ಗುಂಡು.
ನಾಲ್ಕು ಒಂದರೊಳಗೊಂದು, ಎಂಟಾಣೆ ಮುಚ್ಚುವಷ್ಟು.
ಐದನೆಯದು ಬಲಕ್ಕೆ, ದೂರ, ಒಂಟಿ.

ಮೊದಲಾಗಿದ್ದರೆ ಮರ ಅನ್ನುತ್ತಿದ್ದೆ.
ಮಳೆ ಅನ್ನುತ್ತಿದ್ದೆ, ಕ್ಲಬ್ಬಿನ ಹಳೇ ಕೋವಿ ಅನ್ನುತ್ತಿದ್ದೆ.
ಈಗ ಬೈಯಲು ಯಾರೂ ಉಳಿದಿಲ್ಲ.
ಕಬ್ಬಿಣದ ಕೆಳಗೆ ಹೆಬ್ಬೆರಳೊಂದು
ಅಲುಗದೆ ಒತ್ತಿಕೊಂಡಿದೆ.
ಐದನೆಯ ತೂತು ನನ್ನದು.

ಒದ್ದೆ ಚಾಪೆಯ ಮೇಲೆ ಮತ್ತೆ ಬೋರಲಾದೆ.