ಡಬ್ಬಿಯ ಸದ್ದು

ಒಂಬತ್ತು ವರ್ಷ ಅವಳಿಗೆ ಊಟವೆಂದರೆ ಸದ್ದು.
ತಗಡಿನ ಡಬ್ಬಿಯಿಂದ ಸ್ಟೀಲ್ ತಟ್ಟೆಗೆ
ಜಲಜಲ ಬೀಳುವ ಕಂದು ಕಾಳು.
ಕಾಟನ್‌ಪೇಟೆಯ ಯಾವ ಗಲ್ಲಿಯಲ್ಲಿದ್ದರೂ
ಕಿವಿ ಮೊದಲು ಬರುತ್ತಿತ್ತು, ಹಿಂದೆ ಗುಂಡಿ.

(ಕೋಟಿನ ಗುಂಡಿ ನುಂಗಿಯೂ ಸಾಯದೆ ಉಳಿದ ಮರಿ,
ಅದಕ್ಕೆ ಆ ಹೆಸರು. ರಸ್ತೆಗುಂಡಿಯಲ್ಲ,
ಅವು ನಮ್ಮ ಬೀದಿಯಲ್ಲಿ ಬೇರೆಯೇ ಇವೆ.)

ಆಮೇಲೆ ಕೆರೆತ. ಹೊಲಿಗೆ ಬಿಟ್ಟ ತೋಳಿನಂತೆ
ತೊಡೆಯ ಮೇಲೆ ಕೂದಲು ಕಿತ್ತುಬಂತು.
ರಾತ್ರಿಯೆಲ್ಲ ಕಾಲು ನೆಲಕ್ಕೆ ಬಡಿದು ಟಕಟಕ,
ಕತ್ತಲಲ್ಲಿ ಯಾರೋ ನನ್ನ ಮಿಷನ್ನು ತುಳಿದ ಹಾಗೆ.
ಹೆಬ್ಬಾಳದ ಡಾಕ್ಟರಮ್ಮ ಪುಡಿ ಬರೆದರು, ಎಣ್ಣೆ ಬರೆದರು,
ಮೂರನೇ ಸಲ ಪೆನ್ನು ಮುಚ್ಚಿ ಅಂದರು:
"ಕಾಳು ಬಿಡಿಸಿ ನೋಡೋಣ. ಹಸಿ ಮಾಂಸ ಕೊಡಿ.
ಒಗ್ಗದಿದ್ದರೆ ಬನ್ನಿ."

ಲೆಕ್ಕವನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ
ಸೀಮೆಸುಣ್ಣದಲ್ಲಿ ಬರೆದಿಟ್ಟೆ:
ಹತ್ತಕ್ಕೆ ಎಂಟು ಮಾಂಸ, ಒಂದು ಮೂಳೆ,
ಉಳಿದದ್ದು ಲಿವರ್ರು ಇತ್ಯಾದಿ.
ಪಕ್ಕದಲ್ಲೇ ಯಾರದೋ ಎದೆ ಮೂವತ್ತೆಂಟು, ತೋಳು ಇಪ್ಪತ್ತಮೂರು.
ಒಮ್ಮೆ ಎರಡೂ ಬೆರೆತು
ಊದುಬತ್ತಿ ಸಾಹುಕಾರರ ಜುಬ್ಬಾ ಒಂದಿಂಚು ಬಿಗಿಯಾಯಿತು.

ಇಂದೂಬಾಯಿ ಫ್ರೀಜರ್ ಬಾಗಿಲು ತೆರೆದು ನಿಂತೇ ಇದ್ದಳು.
ನಾವೇನು ಮುಟ್ಟದವರಲ್ಲ, ಭಾನುವಾರ ಮಟನ್ ಬೇಕು.
"ಆದರೂ ಉಪ್ಪು ಕಾಣದ್ದು, ಒಗ್ಗರಣೆ ಕಾಣದ್ದು,
ಬೆಂಕಿಯನ್ನೇ ಕಾಣದ್ದು, ಇದೂ ಒಂದು ಊಟವೇನ್ರೀ?
ಏಕಾದಶಿಗೆ ಮಾತ್ರ ಒಳಗೆ ಬೇಡ.
ಅವಳಿಗೂ ಅವತ್ತು ಮೊಸರು."
ವಿಠಲನ ಹೆಸರೆತ್ತಿದ ಮೇಲೆ ನನ್ನದೇನಿದೆ.

ಅಫ್ಸರ್ ಕೋಳಿಕತ್ತು ಸುತ್ತಿಕೊಡುತ್ತಾ ಹೇಳಿದ್ದು ಇಷ್ಟೇ:
"ಬೇಯಿಸಬೇಡಿ ಮಾಸ್ಟ್ರೇ.
ಬೆಂದ ಮೂಳೆ ಸೂಜಿ, ಹಸೀದು ದಾರ."

ಮೊದಲ ದಿನ ತಟ್ಟೆ ಇಟ್ಟೆ. ಮೆತ್ತಗೆ, ಸದ್ದಿಲ್ಲದೆ.
ಬಂದಳು, ಮೂಸಿದಳು, ನನ್ನ ಮುಖ ನೋಡಿದಳು,
ಹೋಗಿ ಡಬ್ಬಿಯ ಮುಂದೆ ಕೂತಳು.
ಮಾಂಸ ಇಲ್ಲಿದೆ. ಅವಳು ಅಲ್ಲಿ ಸದ್ದಿಗೆ ಕಾಯುತ್ತಿದ್ದಾಳೆ.
ಎರಡನೇ ದಿನವೂ ಅದೇ,
ಇಂದೂಬಾಯಿ ಗುಟ್ಟಾಗಿ ಕೊಟ್ಟ ಬನ್ನು ತಿಂದು ಮಲಗಿದಳು.
ಮೂರನೇ ದಿನ
ಖಾಲಿ ಡಬ್ಬಿಗೆ ಒಂದು ಹಿಡಿ ಕೋಟಿನ ಗುಂಡಿ ಸುರಿದು
ಅಲ್ಲಾಡಿಸಿದೆ.

ಓಡಿ ಬಂದಳು.
ಮೋಸ ತಿಳಿಯುವಷ್ಟರಲ್ಲಿ ಬಾಯಲ್ಲಿ ಕೋಳಿಯ ಕತ್ತು.
ಹಲ್ಲು ತಡವರಿಸಿದವು, ಜಾರಿದವು,
ಆಮೇಲೆ ಎಲ್ಲಿಂದಲೋ, ಹಿಂದಿನ ದವಡೆಯಿಂದ,
ಕಟ್.
ಅವಳೇ ಬೆಚ್ಚಿ ಹಿಂತಿರುಗಿ ನೋಡಿದಳು, ಯಾರು ಅಂತ.

ಎರಡು ತಿಂಗಳಾಯಿತು. ನಡುವೆ ಎರಡು ಸಲ ಭೇದಿ,
ಕುಂಬಳಕಾಯಿ ಬೇಯಿಸಿ ಕಿವುಚಿ ತಿನ್ನಿಸಿದವಳು ಇಂದೂಬಾಯಿಯೇ.
ಈಗ ಬೆಳಿಗ್ಗೆ ಮೈದಾನದಲ್ಲಿ ಗುಂಡಿ ಬಿಟ್ಟದ್ದು
ಚಿಕ್ಕದು, ಬೆಳ್ಳಗೆ, ಕಾಗದದಲ್ಲಿ ಎತ್ತಿದರೆ ಪುಡಿಪುಡಿ,
ಥೇಟ್ ನನ್ನ ಸೀಮೆಸುಣ್ಣ.
ಗಿರಾಕಿಗಳ ಮುಂದೆ ಹೇಳುವ ಮಾತಲ್ಲ.

ತೊಡೆಯ ಮೇಲೆ ನವಿರಾಗಿ ಕೂದಲು, ಹೊಸ ವೆಲ್ವೆಟ್ಟು.
ಕೆರೆತ ಪೂರಾ ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ.

ಡಬ್ಬಿಯಲ್ಲಿ ಈಗ ಬರೀ ಗುಂಡಿಗಳು.
ಜುಬ್ಬಾಕ್ಕೆ ಒಂದು ಹುಡುಕಲು ಕೈ ಹಾಕಿದರೆ
ಮೇಜಿನಡಿ ಮಲಗಿದವಳ ಒಂದು ಕಿವಿ ಏಳುತ್ತದೆ,
ಸ್ವಲ್ಪ ಯೋಚಿಸಿ
ಮಡಚಿಕೊಳ್ಳುತ್ತದೆ.